ಹಸಿರು ಕ್ರಾಂತಿಯ ಹರಿಕಾರ ಅಂದರೆ ಮುಗಿಯಿತಾ? ಬಾಬು ಜಗಜೀವನ್ ರಾಮ್ ಬಗ್ಗೆ ಒಬ್ಬ ಮೇಷ್ಟ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಪ್ರತಿ ವರ್ಷ ಏಪ್ರಿಲ್ 5ಕ್ಕೆ ನಮ್ಮ ಶಾಲೆಯಲ್ಲಿ ಬಾಬು ಜಗಜೀವನ್ ರಾಮ್ ಜಯಂತಿ ಮಾಡುತ್ತೇವೆ. ಫೋಟೊಗೆ ಹಾರ ಹಾಕಿ, ‘ಹಸಿರು ಕ್ರಾಂತಿಯ ಹರಿಕಾರ, ಮಾಜಿ ಉಪಪ್ರಧಾನಿ’ ಅಂತ ಎರಡು ಮಾತು ಹೇಳಿ ಮುಗಿಸುತ್ತೇವೆ. ಈ ಸಲ ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತು, ‘ಸರ್, ಅಷ್ಟು ವರ್ಷ ಮಂತ್ರಿಯಾಗಿದ್ದರಲ್ಲ, ಏನು ಮಾಡಿದರು? ಮತ್ತೆ ಪ್ರಧಾನಿ ಯಾಕೆ ಆಗಲಿಲ್ಲ?’ ಅಂತ ಕೇಳಿದಳು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ತುರ್ತು ಪರಿಸ್ಥಿತಿಯನ್ನು ಅವರು ಬೆಂಬಲಿಸಿದ್ದರು ಅನ್ನುವುದು ನಿಜವಾ? ಅದನ್ನು ಮಕ್ಕಳಿಗೆ ಹೇಳಬೇಕಾ?

ಉತ್ತರ: ಮೇಷ್ಟ್ರೇ, ಆ ಹುಡುಗಿ ಕೇಳಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದೇ ದೊಡ್ಡದು. ಆದರೆ ಎಲ್ಲರೂ ಬರೆಯುವುದು, ಮಾತಾಡುವುದು ಎರಡನೆಯದರ ಬಗ್ಗೆ. ಪ್ರಧಾನಿ ಪಟ್ಟ ತಪ್ಪಿದ ಕಥೆಯಲ್ಲಿ ನಾಟಕ ಇದೆ, ಪಿತೂರಿ ಇದೆ, ಫೋಟೊಗಳಿವೆ. ಕನಿಷ್ಠ ಕೂಲಿ ಕಾಯ್ದೆಯ ಕಥೆಯಲ್ಲಿ ಅದೇನೂ ಇಲ್ಲ. ಹಾಗಾಗಿ ಅದನ್ನು ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಬಾಬೂಜಿಯ ನಿಜವಾದ ಕೆಲಸ ಇರುವುದು ಅಲ್ಲೇ, ಅವರು ಮಂತ್ರಿಯಾದ ಮೊದಲ ಆರು ವರ್ಷಗಳಲ್ಲಿ. ಅದನ್ನೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಎಲ್ಲಿಂದ ಬಂದರು ಅನ್ನುವುದು. ಹುಟ್ಟಿದ್ದು 1908ರ ಏಪ್ರಿಲ್ 5, ಬಿಹಾರದ ಆರಾ ಪಟ್ಟಣದ ಹತ್ತಿರದ ಚಂದವಾ ಎಂಬ ಊರಲ್ಲಿ, ಚರ್ಮದ ಕೆಲಸದ ಸಮುದಾಯದಲ್ಲಿ. ತಂದೆ ಸೋಭಿ ರಾಮ್ ಬ್ರಿಟಿಷ್ ಸೇನೆಯಲ್ಲಿದ್ದು, ಬಿಟ್ಟು ಬಂದು, ಆಮೇಲೆ ಶಿವನಾರಾಯಣಿ ಪಂಥದ ಮಹಂತರಾದವರು. ಆರಾದ ಶಾಲೆಯಲ್ಲಿ ಹಿಂದೂಗಳಿಗೆ ಒಂದು, ಮುಸ್ಲಿಮರಿಗೆ ಒಂದು ಅಂತ ನೀರಿನ ಮಡಕೆ ಇದ್ದವು. ಈ ಹುಡುಗ ಹಿಂದೂಗಳ ಮಡಕೆಯಿಂದ ನೀರು ಕುಡಿದ ಅಂತ ದೂರು ಹೋಯಿತು. ಅದಕ್ಕೆ ‘ಅಸ್ಪೃಶ್ಯ’ ಮಕ್ಕಳಿಗಾಗಿ ಮೂರನೆಯ ಮಡಕೆ ಇಟ್ಟರು. ಹುಡುಗ ಅದನ್ನು ಒಡೆದ. ಮತ್ತೆ ಇಟ್ಟರು, ಮತ್ತೆ ಒಡೆದ. ಕೊನೆಗೆ ಶಾಲೆಯೇ ಸೋತು ಆ ಮಡಕೆ ಇಡುವುದನ್ನು ಬಿಟ್ಟಿತು. ನಿಮ್ಮ ಮಕ್ಕಳಿಗೆ ಖಂಡಿತ ಹೇಳಬೇಕಾದ ಪ್ರಸಂಗ ಇದು, ಯಾಕೆಂದರೆ ಅವರದೇ ವಯಸ್ಸಿನ ಹುಡುಗ ಮಾಡಿದ್ದು.

ಮದನ ಮೋಹನ ಮಾಳವೀಯರು ಕರೆದಿದ್ದರಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲೂ ಹಾಸ್ಟೆಲಿನಲ್ಲಿ ಅದೇ ಅವಮಾನ, ಊರಿನ ಕ್ಷೌರಿಕ ಕೂಡ ಕೂದಲು ಕತ್ತರಿಸಲು ಒಪ್ಪುತ್ತಿರಲಿಲ್ಲ. ಅಲ್ಲಿಂದ ಕಲ್ಕತ್ತಾಕ್ಕೆ ಹೋಗಿ 1931ರಲ್ಲಿ ಬಿ.ಎಸ್ಸಿ ಮುಗಿಸಿದರು. 1935ರಲ್ಲಿ ಶೋಷಿತ ವರ್ಗಗಳ ಲೀಗ್ ಕಟ್ಟಿದವರಲ್ಲಿ ಒಬ್ಬರು. 1936ರಲ್ಲಿ ಬಿಹಾರದ ವಿಧಾನ ಪರಿಷತ್ತಿಗೆ ನಾಮಕರಣವಾದರು, 1937ರಲ್ಲಿ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಅಲ್ಲಿಂದ 1986ರ ಜುಲೈ 6ರಂದು ಸಾಯುವವರೆಗೂ ಒಂದಲ್ಲ ಒಂದು ಶಾಸನಸಭೆಯಲ್ಲಿ ಇದ್ದರು. ಐವತ್ತು ವರ್ಷ! ಇದರಲ್ಲಿ 1952ರಿಂದ 1984ರವರೆಗೆ ಎಂಟು ಲೋಕಸಭಾ ಚುನಾವಣೆ, ಎಂಟರಲ್ಲೂ ಗೆಲುವು, ಎಲ್ಲವೂ ಸಸಾರಾಮ್ ಸೀಮೆಯಿಂದ. ಇಂದಿರಾ ಅಲೆ, ಜನತಾ ಅಲೆ, ಆಮೇಲೆ ರಾಜೀವ್ ಅಲೆ, ಯಾವುದಕ್ಕೂ ಅವರ ಕ್ಷೇತ್ರ ಅಲುಗಲಿಲ್ಲ.

ಈಗ ಆರು ವರ್ಷಗಳ ವಿಷಯಕ್ಕೆ ಬರುತ್ತೇನೆ. 1946ರ ಸೆಪ್ಟೆಂಬರ್ 2ರಂದು ನೆಹರೂ ಮುಂದಾಳತ್ವದ ಮಧ್ಯಂತರ ಸರ್ಕಾರ ಬಂದಾಗ ಅದರಲ್ಲಿ ಎಲ್ಲರಿಗಿಂತ ಚಿಕ್ಕವರು ಇವರೇ, 38 ವರ್ಷ. ಸಿಕ್ಕಿದ್ದು ಕಾರ್ಮಿಕ ಖಾತೆ. ಅದಕ್ಕೆ ಸ್ವಲ್ಪ ಮುಂಚಿನವರೆಗೆ, 1942ರಿಂದ 1946ರವರೆಗೆ, ವೈಸ್‌ರಾಯ್ ಕಾರ್ಯಕಾರಿ ಸಮಿತಿಯಲ್ಲಿ ಅದೇ ಕಾರ್ಮಿಕ ಖಾತೆ ನೋಡಿಕೊಂಡಿದ್ದವರು ಡಾ. ಅಂಬೇಡ್ಕರ್. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಕನಿಷ್ಠ ಕೂಲಿ ಮಸೂದೆ ಮೊದಲು ಮಂಡನೆಯಾಗಿದ್ದು 1946ರ ಏಪ್ರಿಲ್‌ನಲ್ಲಿ, ಅಂಬೇಡ್ಕರ್ ಕಾಲದಲ್ಲಿ. ಅದು ಕಾಯ್ದೆಯಾಗಿದ್ದು 1948ರಲ್ಲಿ, ಜಗಜೀವನ್ ರಾಮ್ ಕಾಲದಲ್ಲಿ. ಕಾರ್ಮಿಕರಿಗೆ ಕಾಯಿಲೆ ಬಿದ್ದಾಗ ಚಿಕಿತ್ಸೆ ಕೊಡಿಸುವ ವಿಮೆ, ಅಂದರೆ ಇಎಸ್‌ಐ ಕೂಡ ಹೀಗೇ. ಅದರ ಯೋಜನೆಯ ವರದಿ ತಯಾರಾಗಿದ್ದು ಅಂಬೇಡ್ಕರ್ ಕಾಲದಲ್ಲಿ, ಕಾಯ್ದೆ ಬಂದಿದ್ದು 1948ರಲ್ಲಿ. ಯೋಜನೆ ನಿಜಕ್ಕೂ ಶುರುವಾಗಿದ್ದು 1952ರ ಫೆಬ್ರವರಿಯಲ್ಲಿ, ಕಾನ್ಪುರ ಮತ್ತು ದೆಹಲಿಯಲ್ಲಿ. ರಾಜಕೀಯವಾಗಿ ಇಬ್ಬರೂ ಎದುರುಬದುರು. ಒಬ್ಬರು ಕಾಂಗ್ರೆಸ್ಸನ್ನು ನಂಬಲಿಲ್ಲ, ಇನ್ನೊಬ್ಬರು ಕಾಂಗ್ರೆಸ್ಸಿನ ಒಳಗೇ ಜಾಗ ಮಾಡಿಕೊಂಡರು. ಆದರೆ ಮೇಜಿನ ಮೇಲಿನ ಕಡತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಕಾನೂನಾಗಿ ಹೊರಬಂತು. ನಮ್ಮ ಕಡೆ ಕೆಲವರು ಇವರಿಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿ ಕಟ್ಟುತ್ತಾರಲ್ಲ, ಅವರು ಈ ಎರಡು ಕಾಯ್ದೆಗಳ ಇತಿಹಾಸ ಓದಬೇಕು.

ಆ ಆರು ವರ್ಷದಲ್ಲಿ ಬಂದಿದ್ದನ್ನು ನೋಡಿ. 1947ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆ. 1948ರಲ್ಲಿ ಫ್ಯಾಕ್ಟರಿ ಕಾಯ್ದೆ, ಕನಿಷ್ಠ ಕೂಲಿ, ಇಎಸ್‌ಐ, ಬಂದರು ಕಾರ್ಮಿಕರ ಕಾಯ್ದೆ, ಕಲ್ಲಿದ್ದಲು ಗಣಿ ಕಾರ್ಮಿಕರ ಭವಿಷ್ಯ ನಿಧಿ. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ. ಅದೇ ವರ್ಷ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ, 1952ರಲ್ಲಿ ಕಾಯ್ದೆಯಾಗಿ ಬಂದ ನೌಕರರ ಭವಿಷ್ಯ ನಿಧಿ, ಅಂದರೆ ಇವತ್ತು ಎಲ್ಲರ ಬಾಯಲ್ಲಿರುವ ಪಿಎಫ್. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ನೋಡುವ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೂ, ಇಎಸ್‌ಐ ಆಸ್ಪತ್ರೆಯ ಸಾಲಲ್ಲಿ ನಿಲ್ಲುವ ಗಾರ್ಮೆಂಟ್ ಹೆಣ್ಣುಮಗಳಿಗೂ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೂ ಇದರಲ್ಲಿ ಒಂದೊಂದು ಕಾನೂನು ಸಂಬಂಧಪಟ್ಟಿದೆ. ಇದೆಲ್ಲ ಒಬ್ಬರೇ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಸಂಪುಟ ಇತ್ತು, ಅಧಿಕಾರಿಗಳಿದ್ದರು, ಬೀದಿಯಲ್ಲಿ ಕಾರ್ಮಿಕ ಸಂಘಗಳ ಒತ್ತಡ ಜೋರಾಗಿತ್ತು. ಆದರೆ ದೇಶ ಇಬ್ಭಾಗವಾಗಿ, ನಿರಾಶ್ರಿತರು ಬರುತ್ತಿದ್ದ ಹೊತ್ತಲ್ಲಿ ಈ ಕಡತಗಳನ್ನು ಹಿಂದಕ್ಕೆ ತಳ್ಳಲು ನೂರು ನೆಪ ಸಿಗುತ್ತಿತ್ತು. ಅವರು ತಳ್ಳಲಿಲ್ಲ. 1950ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಕನಿಷ್ಠ ಕೂಲಿ ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇತ್ತು, ಯಾವ ಯಾವ ಕೆಲಸಕ್ಕೆ ಸರ್ಕಾರ ಕೂಲಿ ನಿಗದಿ ಮಾಡಲೇಬೇಕು ಅನ್ನುವ ಪಟ್ಟಿ. ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಬೀಡಿ, ತೋಟಗಳು, ರಸ್ತೆ ಮತ್ತು ಕಟ್ಟಡ ಕೆಲಸ, ಕಲ್ಲು ಒಡೆಯುವುದು. ಅದೇ ಪಟ್ಟಿಯಲ್ಲಿ ಚರ್ಮ ಹದ ಮಾಡುವುದು, ಚರ್ಮದ ಸಾಮಾನು ತಯಾರಿಕೆ ಕೂಡ ಇತ್ತು. ಎರಡನೆಯ ಭಾಗದಲ್ಲಿ ಹೊಲದ ಕೂಲಿ. ಸಂಘ ಕಟ್ಟಿಕೊಳ್ಳಲು ಆಗದ, ಮುಷ್ಕರ ಮಾಡಲು ಆಗದ ಜನರ ಪಟ್ಟಿ ಅದು. ಅದರಲ್ಲಿ ಬಹುಪಾಲು ದಲಿತರು ಮತ್ತು ಹಿಂದುಳಿದವರು ಅನ್ನುವುದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಹೊಲದ ಕೂಲಿಗೆ ಈ ಕಾನೂನು ಎಷ್ಟೋ ಕಡೆ ಕಾಗದದಲ್ಲೇ ಉಳಿಯಿತು ಅನ್ನುವುದೂ ನಿಜ. ಆದರೆ ಕಾಗದದಲ್ಲಿ ಬರೆದಿಲ್ಲದಿದ್ದರೆ ಯಾವ ಕೂಲಿಯವನೂ ಲೇಬರ್ ಆಫೀಸಿನ ಮುಂದೆ ಹೋಗಿ ‘ನನಗೆ ಇಷ್ಟು ಬರಬೇಕು’ ಅಂತ ಕೇಳಲು ಆಗುತ್ತಿರಲಿಲ್ಲ ಅಲ್ವಾ?

1952ರಿಂದ ಸಂಪರ್ಕ ಖಾತೆ. ಖಾಸಗಿ ವಿಮಾನ ಕಂಪನಿಗಳು ರಾಷ್ಟ್ರೀಕರಣವಾಗಿದ್ದು ಅವರ ಕಾಲದಲ್ಲೇ, 1953ರಲ್ಲಿ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ರೈಲ್ವೆ ಖಾತೆಯ ವಿಷಯ ಮಾತ್ರ ಹೇಳಲೇಬೇಕು. 1956ರಲ್ಲಿ ಅರಿಯಲೂರು ರೈಲು ದುರಂತವಾಗಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರಲ್ಲ, ಆ ಜಾಗಕ್ಕೆ ಬಂದವರು ಇವರು. 1962ರವರೆಗೆ ಇದ್ದರು. 1959ರಲ್ಲಿ ರೈಲ್ವೆ ಮಂಡಳಿ ಎರಡು ಸುತ್ತೋಲೆ ಹೊರಡಿಸಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನೇಮಕದಲ್ಲಿ ಮಾತ್ರ ಅಲ್ಲ, ಬಡ್ತಿಯಲ್ಲೂ ಮೀಸಲಾತಿ. ದಕ್ಷಿಣ ರೈಲ್ವೆಯ ನೌಕರರೊಬ್ಬರು ಮದ್ರಾಸ್ ಹೈಕೋರ್ಟಿಗೆ ಹೋಗಿ ಗೆದ್ದರು. ರೈಲ್ವೆ ಅಲ್ಲಿಗೆ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. 1961ರಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಬಡ್ತಿಯಲ್ಲೂ ಮೀಸಲಾತಿ ಕೊಡಬಹುದು ಅಂದರು. ಕಾನೂನು ಓದಿದವರಿಗೆ ಇದು ರಂಗಾಚಾರಿ ಪ್ರಕರಣ ಅಂತ ಗೊತ್ತು. ಆ ತೀರ್ಪು ಮೂವತ್ತು ವರ್ಷ ನಿಂತಿತು. 1992ರ ಮಂಡಲ್ ತೀರ್ಪು ಅದನ್ನು ತೆಗೆದುಹಾಕಿತು. 1995ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಬಡ್ತಿ ಮೀಸಲಾತಿಯನ್ನು ಉಳಿಸಿಕೊಂಡರು. ನಮ್ಮ ಕರ್ನಾಟಕದ ನೌಕರರ ಬಡ್ತಿ ಮೀಸಲಾತಿ ಜಗಳ 2017 ಮತ್ತು 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆಯಿತಲ್ಲ, ಅದರ ಬೇರು ಹುಡುಕುತ್ತಾ ಹಿಂದೆ ಹೋದರೆ ಆ ರೈಲ್ವೆ ಸುತ್ತೋಲೆಗಳ ಹತ್ತಿರ ಬಂದು ನಿಲ್ಲುತ್ತೀರಿ.

ಈಗ ಹಸಿರು ಕ್ರಾಂತಿ. ಇಲ್ಲಿ ಸ್ವಲ್ಪ ಜೋಪಾನವಾಗಿ ಮಾತಾಡಬೇಕು. 1963ರಲ್ಲಿ ಕಾಮರಾಜ್ ಯೋಜನೆಯಡಿ ಹಲವು ಹಿರಿಯ ಮಂತ್ರಿಗಳು ಪಕ್ಷದ ಕೆಲಸಕ್ಕೆಂದು ರಾಜೀನಾಮೆ ಕೊಟ್ಟಾಗ ಇವರೂ ಹೊರಗೆ ಹೋದರು. 1966ರಲ್ಲಿ ಇಂದಿರಾ ಗಾಂಧಿ ಮತ್ತೆ ಕರೆದರು. 1967ರಲ್ಲಿ ಆಹಾರ ಮತ್ತು ಕೃಷಿ ಖಾತೆ ಸಿಕ್ಕಿತು. ಅಷ್ಟರಲ್ಲಿ ಮೆಕ್ಸಿಕೋದ ಗಿಡ್ಡ ತಳಿಯ ಗೋಧಿ ಬೀಜ 18,000 ಟನ್ ತರಿಸುವ ತೀರ್ಮಾನ ಆಗಿಹೋಗಿತ್ತು. ಅದನ್ನು ಮಾಡಿದವರು ಅವರಿಗಿಂತ ಮುಂಚಿನ ಕೃಷಿ ಮಂತ್ರಿ ಸಿ. ಸುಬ್ರಮಣಿಯಂ. ಆ ತಳಿಯ ಹಿಂದೆ ನಾರ್ಮನ್ ಬೋರ್ಲಾಗ್ ಇದ್ದರು, ಅದನ್ನು ನಮ್ಮ ಹೊಲಕ್ಕೆ ಒಗ್ಗಿಸಿದ್ದರಲ್ಲಿ ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಜೊತೆಯವರು ಇದ್ದರು. ಹಾಗಾಗಿ ‘ಹರಿಕಾರ’ ಅನ್ನುವ ಪಟ್ಟ ಒಬ್ಬರಿಗೇ ಕೊಟ್ಟರೆ ಸುಬ್ರಮಣಿಯಂ ಅವರಿಗೆ ಅನ್ಯಾಯ.

ಹಾಗಂತ ಬಾಬೂಜಿಗೆ ಸುಮ್ನೆ ಪಟ್ಟ ಕಟ್ಟಿದರು ಅಂತಲೂ ಅಲ್ಲ. ಅವರು ಬಂದಾಗ ದೇಶ ಒಂದರ ಹಿಂದೊಂದು ಎರಡು ಬರಗಾಲ ಕಂಡಿತ್ತು, ಅವರ ಸ್ವಂತ ಬಿಹಾರದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು, ಅಮೆರಿಕದ ಗೋಧಿ ಹಡಗು ಬರಲಿಲ್ಲ ಅಂದರೆ ಪಡಿತರ ಅಂಗಡಿ ಮುಚ್ಚಬೇಕಾದ ಸ್ಥಿತಿ. 1966-67ರಲ್ಲಿ ದೇಶದ ಗೋಧಿ ಬೆಳೆ ಸುಮಾರು 114 ಲಕ್ಷ ಟನ್. ಮರುವರ್ಷ 165 ಲಕ್ಷ ಟನ್. 1970-71ರ ಹೊತ್ತಿಗೆ 238 ಲಕ್ಷ ಟನ್. ಬೀಜ ತರಿಸುವುದು ಒಂದು ಕೆಲಸ. ಅದು ರೈತನ ಕೈ ಸೇರಬೇಕು, ಗೊಬ್ಬರ ಸಿಗಬೇಕು, ಬೆಳೆದದ್ದನ್ನು ಸರ್ಕಾರ ಹೇಳಿದ ಬೆಲೆಗೆ ಕೊಳ್ಳಬೇಕು, ಗೋದಾಮಿಗೆ ಹಾಕಬೇಕು, ಬರದ ಜಿಲ್ಲೆಗೆ ಕಳಿಸಬೇಕು. ಅದು ಬೇರೆಯದೇ ಕೆಲಸ, ಬೇಜಾರಿನ ಕೆಲಸ, ದಿನಾ ಮಾಡಬೇಕಾದ ಕೆಲಸ. ಬೆಳೆ ದುಪ್ಪಟ್ಟಿನತ್ತ ಏರುತ್ತಿದ್ದ ಆ ವರ್ಷಗಳಲ್ಲಿ ಅದನ್ನು ನಡೆಸಿದ ಮಂತ್ರಿ ಜಗಜೀವನ್ ರಾಮ್. ಸುಬ್ರಮಣಿಯಂ ಶುರು ಮಾಡಿದರು, ಇವರು ದಡ ಮುಟ್ಟಿಸಿದರು ಅಂತ ಹೇಳಿ, ಅದು ಸರಿಯಾದ ಮಾತು.

1970ರಲ್ಲಿ ರಕ್ಷಣಾ ಖಾತೆ. 1971ರ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧ, ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ, ಸುಮಾರು 93,000 ಸೆರೆಯಾಳುಗಳು. ಇಂದಿರಾ ಮತ್ತು ಮಾಣೆಕ್‌ಷಾ ಹೆಸರು ಎಲ್ಲರಿಗೂ ಗೊತ್ತು. ಆಗ ರಕ್ಷಣಾ ಮಂತ್ರಿ ಯಾರಿದ್ದರು ಅಂತ ಕೇಳಿದರೆ ಓದಿದವರೂ ತಡಬಡಾಯಿಸುತ್ತಾರೆ. ನನಗೆ ಇದು ಬೇಸರದ ವಿಷಯ.

ಇನ್ನು ಪ್ರಧಾನಿ ಪ್ರಶ್ನೆ. ಅದು ನಮ್ಮ ಬೆಂಗಳೂರಿನಿಂದಲೇ ಶುರುವಾಗುತ್ತದೆ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ, ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಸ್ಥಾನಕ್ಕೆ ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಮುಂದಿಟ್ಟರು. ಸಂಸದೀಯ ಮಂಡಳಿಯಲ್ಲಿ ಹಿರಿಯರ ಬಣ ಅದನ್ನು ಬೀಳಿಸಿ ನೀಲಂ ಸಂಜೀವ ರೆಡ್ಡಿ ಹೆಸರು ಗೆಲ್ಲಿಸಿತು. ಮುಂದೆ ಇಂದಿರಾ ಸ್ವತಂತ್ರ ಅಭ್ಯರ್ಥಿ ವಿ.ವಿ. ಗಿರಿ ಕಡೆ ನಿಂತರು, ಪಕ್ಷ ಒಡೆಯಿತು, ಇಂದಿರಾ ಬಣದ ಕಾಂಗ್ರೆಸ್ಸಿಗೆ ಜಗಜೀವನ್ ರಾಮ್ ಅಧ್ಯಕ್ಷರಾದರು. ಅದೇ ಹೊತ್ತಿಗೆ ಅವರು ಸುಮಾರು ಹತ್ತು ವರ್ಷ ಆದಾಯ ತೆರಿಗೆ ಲೆಕ್ಕ ಸಲ್ಲಿಸಿಲ್ಲ ಅನ್ನುವುದೂ ಹೊರಬಂತು. ಕೆಲಸದ ಒತ್ತಡದಲ್ಲಿ ಮರೆತಿದ್ದಾರೆ ಅಂತ ಇಂದಿರಾ ಸಮರ್ಥಿಸಿದರು. ಇದು ಸಮರ್ಥಿಸಬಹುದಾದ ತಪ್ಪಲ್ಲ. ಮಂತ್ರಿಯಾದವರು ಮರೆಯಬಾರದ ವಿಷಯ ಅದು.

ಈಗ ನೀವು ಕೇಳಿದ ಕಷ್ಟದ ಪ್ರಶ್ನೆ. ಹೌದು, ನಿಜ. ತುರ್ತು ಪರಿಸ್ಥಿತಿಗೆ ಒಪ್ಪಿಗೆ ಕೇಳುವ ನಿರ್ಣಯವನ್ನು 1975ರ ಜುಲೈ 21ರಂದು ಲೋಕಸಭೆಯಲ್ಲಿ ಮಂಡಿಸಿದವರೇ ಜಗಜೀವನ್ ರಾಮ್. ಎದುರಿನ ಸಾಲುಗಳಲ್ಲಿ ಕೂರಬೇಕಾದ ಎಷ್ಟೋ ಸದಸ್ಯರು ಆಗ ಜೈಲಿನಲ್ಲಿದ್ದರು. ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಅವರು ಸಂಪುಟದಲ್ಲಿ ಉಳಿದರು. ಭಯ ಇತ್ತು, ಅವರ ಮೇಲೂ ಕಣ್ಣಿಟ್ಟಿದ್ದರು ಅಂತ ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಅಷ್ಟು ದೊಡ್ಡ ಜನಬಲ ಇದ್ದ ನಾಯಕ ಆ ದಿನ ಬೇಡ ಅಂದಿದ್ದರೆ ಅದಕ್ಕೆ ತೂಕ ಇರುತ್ತಿತ್ತು. ಮೂವತ್ತು ವರ್ಷ ಸರ್ಕಾರದ ಒಳಗೇ ಇದ್ದು ಕೆಲಸ ಮಾಡಿಸಿಕೊಂಡವರಿಗೆ, ಒಳಗಿದ್ದರೇ ಏನಾದರೂ ಮಾಡಲು ಸಾಧ್ಯ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಹೊರಗೆ ಬರಬೇಕಾದ ದಿನ ಬರಲು ಆಗಲಿಲ್ಲ. ನಾನು ಅದನ್ನು ಹಾಗೆ ಓದುತ್ತೇನೆ.

ಬಂದಿದ್ದು 1977ರ ಫೆಬ್ರವರಿ 2ರಂದು, ಚುನಾವಣೆ ಘೋಷಣೆಯಾದ ಮೇಲೆ. ಎಚ್.ಎನ್. ಬಹುಗುಣ, ನಂದಿನಿ ಸತ್ಪತಿ ಜೊತೆ ಸೇರಿ ‘ಪ್ರಜಾಪ್ರಭುತ್ವಕ್ಕಾಗಿ ಕಾಂಗ್ರೆಸ್’ ಅನ್ನುವ ಪಕ್ಷ ಕಟ್ಟಿದರು. ತಡವಾದರೂ ಆ ಏಟು ದೊಡ್ಡದು, ಕಾಂಗ್ರೆಸ್ ಸೋಲಬಹುದು ಅಂತ ದೇಶಕ್ಕೆ ನಂಬಿಕೆ ಬಂದಿದ್ದೇ ಅವತ್ತು. ದೆಹಲಿಯ ರಾಮಲೀಲಾ ಮೈದಾನದಲ್ಲಿ ಅವರ ಸಭೆ ಇದ್ದ ಸಂಜೆ ದೂರದರ್ಶನ ಜನಪ್ರಿಯ ಹಿಂದಿ ಸಿನಿಮಾವೊಂದನ್ನು ಹಾಕಿತು, ಜನ ಮನೆಯಲ್ಲೇ ಉಳಿಯಲಿ ಅಂತ. ಜನ ಮೈದಾನಕ್ಕೇ ಹೋದರು.

ವಿರೋಧ ಪಕ್ಷಗಳು ಸೇರಿ ಕಟ್ಟಿದ, ಇವರ ಪಕ್ಷವೂ ಕೈಜೋಡಿಸಿದ್ದ ಜನತಾ ಗೆದ್ದ ಮೇಲೆ ಪ್ರಧಾನಿ ಯಾರು? ಹಿರಿಯರಾದ ಜಯಪ್ರಕಾಶ್ ನಾರಾಯಣ್ (ಜೆಪಿ) ಮತ್ತು ಆಚಾರ್ಯ ಕೃಪಲಾನಿ ಮೊರಾರ್ಜಿ ದೇಸಾಯಿ ಹೆಸರು ಹೇಳಿದರು. ಜನತಾದ ಇನ್ನೊಬ್ಬ ನಾಯಕ ಚರಣ್ ಸಿಂಗ್ ಆಸ್ಪತ್ರೆಯಿಂದಲೇ ಪತ್ರ ಬರೆದು ಮೊರಾರ್ಜಿಗೆ ಬೆಂಬಲ ಕೊಟ್ಟರು, ಜಗಜೀವನ್ ರಾಮ್ ಆಗಬಾರದು ಅಂತ. ಅದಕ್ಕೆ ಕೊಟ್ಟ ಕಾರಣ, ತುರ್ತು ಪರಿಸ್ಥಿತಿಯ ನಿರ್ಣಯ ಮಂಡಿಸಿದವರು ಅನ್ನುವುದು. ಕಾರಣ ಸುಳ್ಳಲ್ಲ. ಆದರೆ ಅದೊಂದೇ ಕಾರಣ ಅಂತ ನಂಬುವುದು ನನಗೆ ಕಷ್ಟ. ಯಾಕೆ ಅಂದರೆ ಮರುವರ್ಷವೇ, 1978ರ ಜನವರಿಯಲ್ಲಿ, ದೇಶದ ರಕ್ಷಣಾ ಮಂತ್ರಿಯಾಗಿದ್ದ ಇವರು ವಾರಾಣಸಿಯಲ್ಲಿ ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿ ಸಂಪೂರ್ಣಾನಂದರ ಪ್ರತಿಮೆ ಅನಾವರಣ ಮಾಡಿ ಹೋದ ಮೇಲೆ, ಕೆಲವು ಮೇಲ್ಜಾತಿ ವಿದ್ಯಾರ್ಥಿಗಳು ಆ ಪ್ರತಿಮೆಯನ್ನು ಗಂಗಾಜಲದಿಂದ ತೊಳೆದರು. ಮೂರು ಸೇನೆಗಳು ಅವರ ಖಾತೆಯ ಕೆಳಗಿದ್ದವು, ಆದರೂ ಅವರು ಮುಟ್ಟಿದ ಕಲ್ಲನ್ನು ತೊಳೆಯಬೇಕು ಅನ್ನಿಸುವ ಜನ ಇದ್ದರು. ಅಂಥ ದೇಶದಲ್ಲಿ ಪ್ರಧಾನಿ ಆಯ್ಕೆಯ ಕೋಣೆಯೊಳಗೆ ಮಾತ್ರ ಜಾತಿ ಬರಲಿಲ್ಲ ಅಂದರೆ ಹೇಗೆ ನಂಬೋಣ? ಅದೇ ವರ್ಷ ಅವರ ಮಗನ ಖಾಸಗಿ ಫೋಟೊಗಳನ್ನು ಪತ್ರಿಕೆಯೊಂದು ಅಚ್ಚು ಹಾಕಿತು, ಅದರ ಪೆಟ್ಟೂ ತಂದೆಯ ಮೇಲೇ ಬಿತ್ತು.

1979ರ ಜನವರಿಯಲ್ಲಿ ಅವರನ್ನೂ ಚರಣ್ ಸಿಂಗ್ ಅವರನ್ನೂ ಉಪಪ್ರಧಾನಿ ಮಾಡಿದರು. ಜುಲೈನಲ್ಲಿ ಮೊರಾರ್ಜಿ ಸರ್ಕಾರ ಬಿತ್ತು. ಚರಣ್ ಸಿಂಗ್ ಪ್ರಧಾನಿಯಾದರು, ಸಂಸತ್ತನ್ನು ಒಂದು ದಿನವೂ ಎದುರಿಸದೆ ಆಗಸ್ಟ್ 20ರಂದು ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಜನತಾ ಪಕ್ಷದ ನಾಯಕರಾಗಿದ್ದವರು ಜಗಜೀವನ್ ರಾಮ್. ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಅಂದರು. ರಾಷ್ಟ್ರಪತಿ ಕರೆಯಲಿಲ್ಲ, ಆಗಸ್ಟ್ 22ರಂದು ಲೋಕಸಭೆಯನ್ನೇ ವಿಸರ್ಜಿಸಿದರು. ಆ ರಾಷ್ಟ್ರಪತಿ ಯಾರು ಅಂದರೆ ನೀಲಂ ಸಂಜೀವ ರೆಡ್ಡಿ, ಹತ್ತು ವರ್ಷ ಹಿಂದೆ ಬೆಂಗಳೂರಿನಲ್ಲಿ ಇದೇ ಜಗಜೀವನ್ ರಾಮ್ ಹೆಸರಿನ ಎದುರು ಗೆದ್ದವರು. ಬಹುಮತ ಸಿಗುತ್ತಿತ್ತೋ ಇಲ್ಲವೋ ಸದನದಲ್ಲಿ ಗೊತ್ತಾಗಬೇಕಿತ್ತು, ರಾಷ್ಟ್ರಪತಿ ಭವನದಲ್ಲಿ ಅಲ್ಲ. ಒಂದು ಅವಕಾಶ ಕೊಡಲೇಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1980ರ ಚುನಾವಣೆಗೆ ಜನತಾ ಪಕ್ಷ ಅವರನ್ನೇ ಪ್ರಧಾನಿ ಅಭ್ಯರ್ಥಿ ಅಂತ ಮುಂದಿಟ್ಟಿತು. ಬಂದಿದ್ದು 31 ಸ್ಥಾನ. ಆಮೇಲೆ ಸ್ವಲ್ಪ ಕಾಲ ನಮ್ಮ ದೇವರಾಜ ಅರಸು ಅವರ ಕಾಂಗ್ರೆಸ್ಸಿನಲ್ಲಿದ್ದರು, 1981ರಲ್ಲಿ ಅದೂ ಒಡೆದು ತಮ್ಮದೇ ಸಣ್ಣ ಪಕ್ಷ ಮಾಡಿಕೊಂಡರು. ಮಗಳು ಮೀರಾ ಕುಮಾರ್ 2009ರಲ್ಲಿ ಲೋಕಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು.

ಕೊನೆಯದಾಗಿ, ತುರ್ತು ಪರಿಸ್ಥಿತಿಯ ವಿಷಯ ಮಕ್ಕಳಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಹೇಳಿ ಮೇಷ್ಟ್ರೇ. ಒಂಬತ್ತನೇ ತರಗತಿಯವರಿಗೆ ಅದು ಅರ್ಥವಾಗುತ್ತದೆ. ನಮ್ಮ ಕರ್ನಾಟಕದಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮಕ್ಕೆ ಅವರ ಹೆಸರಿದೆ, ಬೆಂಗಳೂರಿನಲ್ಲಿ ಅವರ ಹೆಸರಿನ ಬಡಾವಣೆ ಇದೆ, ಅಂಬೇಡ್ಕರ್ ಪಕ್ಕದಲ್ಲಿ ಅವರ ಫೋಟೊ ಇಟ್ಟು ಪ್ರೀತಿಯಿಂದ ಪೂಜಿಸುವ ಕೇರಿಗಳಿವೆ. ಆ ಪ್ರೀತಿಗೆ ನಿಜ ಹೇಳಿದರೆ ಧಕ್ಕೆ ಬರುವುದಿಲ್ಲ. ಮುಂದಿನ ಏಪ್ರಿಲ್ 5ಕ್ಕೆ ಭಾಷಣ ಸ್ವಲ್ಪ ಚಿಕ್ಕದು ಮಾಡಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿ ದುಡಿಯುವವರಲ್ಲಿ ಯಾರಿಗೆ ಪಿಎಫ್ ಇದೆ, ಯಾರ ಹತ್ತಿರ ಇಎಸ್‌ಐ ಕಾರ್ಡ್ ಇದೆ, ಅವರ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಎಷ್ಟು, ಕೈಗೆ ಬರುತ್ತಿರುವುದು ಎಷ್ಟು ಅಂತ ಕೇಳಿ ಬರೆದುಕೊಂಡು ಬರಲಿ. ಹಳೆಯ ಕಾಯ್ದೆಗಳನ್ನು ಈಗ ಹೊಸ ಕಾರ್ಮಿಕ ಸಂಹಿತೆಗಳ ಒಳಗೆ ಸೇರಿಸಿದ್ದಾರೆ, ಆದರೆ ಕೂಲಿ ನಿಗದಿಯಾಗುವುದು ಮುಂದುವರಿದಿದೆ, ಲೇಬರ್ ಆಫೀಸಿನಲ್ಲಿ ಕೇಳಿದರೆ ಪಟ್ಟಿ ಸಿಗುತ್ತದೆ. ಮಕ್ಕಳು ತಂದ ಉತ್ತರಗಳನ್ನು ಬೋರ್ಡ್ ಮೇಲೆ ಬರೆಸಿ, ಎಲ್ಲಿ ಕಡಿಮೆ ಸಿಗುತ್ತಿದೆಯೋ ಅಲ್ಲಿ ಯಾರನ್ನು ಕೇಳಬೇಕು ಅನ್ನುವುದನ್ನೂ ಅದರ ಮುಂದೆ ಬರೆಸಿ.